ಕಸ್ತೂರೆವ್ವನ ಬರಿ ಹಣೆ

ರಬಕವಿಯ ನಮ್ಮ ಓಣಿಯಲ್ಲಿ ದೂರದಿಂದ ಮೊದಲು ಕಾಣುತ್ತಿದ್ದುದು ಕುಂಕುಮ, ಆಮೇಲೆ ಕಸ್ತೂರೆವ್ವ. ಗಂಡ ಗಿರಿಮಲ್ಲಪ್ಪ ಪವರ್‌ಲೂಮಿನಲ್ಲಿ ಸೀರೆ ನೇಯುತ್ತಾನೆ, ಇವಳು ಅದಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುತ್ತಾಳೆ.

ಆ ಕುಂಕುಮ ವರ್ಷದಿಂದ ವರ್ಷಕ್ಕೆ ದೊಡ್ಡದಾದದ್ದು ಭಕ್ತಿಯಿಂದಲ್ಲ. ಅದರ ಕೆಳಗೆ ತುರಿಕೆ ಎದ್ದು ಕಪ್ಪು ಕಲೆ ಕೂತಿತ್ತು. ಕಲೆ ಮುಚ್ಚಲೆಂದು ಕುಂಕುಮ ಹಿಗ್ಗಿಸಿದಳು, ಕಲೆಯೂ ಹಿಗ್ಗಿತು. ಕಾರಣ ಕಣ್ಣೆದುರಿಗೇ ಇದ್ದರೂ ನಮಗ್ಯಾರಿಗೂ ಹೊಳೆಯಲಿಲ್ಲ. ಬುದ್ಧಿ ಹೇಳುವುದರಲ್ಲಿ ಎಂದೂ ಹಿಂದೆ ಬೀಳದ ಪಕ್ಕದ ಮನೆಯವಳು ನಾನೇ ಔಷಧ ಅಂಗಡಿಯಿಂದ ಚರ್ಮ ಬೆಳ್ಳಗೆ ಮಾಡುವ ಮುಲಾಮಿನ ಟ್ಯೂಬೊಂದನ್ನು ತಂದುಕೊಟ್ಟೆ. ಕೆಲ ವಾರ ಹಣೆ ತಿಳಿಯಾಯಿತು. ಹಚ್ಚುವುದು ಬಿಟ್ಟದ್ದೇ ತಡ, ಚರ್ಮ ಕೆಂಪಾಗಿ ಉರಿದು, ಕಲೆ ಮೊದಲಿಗಿಂತ ಕಪ್ಪಾಯಿತು. ಆ ಪಾಪ ನನ್ನದೇ.

ಅದಕ್ಕೇ ನಾನೇ ಅವಳನ್ನು ಜಮಖಂಡಿಗೆ ಚರ್ಮದ ಡಾಕ್ಟರ್ ಬಾಯಿಯವರ ಹತ್ತಿರ ಕರೆದುಕೊಂಡು ಹೋದೆ. ಅವರು ಟ್ಯೂಬು ನೋಡಿ ನನ್ನನ್ನು ಚೆನ್ನಾಗಿ ಬೈದರು. ಅದರಲ್ಲಿ ಸ್ಟಿರಾಯ್ಡ್ ಇತ್ತಂತೆ.

“ಕುಂಕುಮದಾಗಿನ ಬಣ್ಣ ನಿಮಗ ಆಗಿಬರೂದಿಲ್ರಿ,” ಎಂದರು ಕಸ್ತೂರೆವ್ವನಿಗೆ. “ನಮ್ಮಂಥ ಕಂದು ಚರ್ಮ ಎಲ್ಲಿ ಉರೀತೈತಿ ಅಲ್ಲೇ ಕಪ್ಪಾಗತೈತಿ. ತಿಕ್ಕಬ್ಯಾಡ್ರಿ, ನಿಂಬಿಹಣ್ಣ ಹಚ್ಚಬ್ಯಾಡ್ರಿ. ಈ ಮುಲಾಮು ನಾ ಹೇಳಿದಷ್ಟ ದಿನ ಹಚ್ರಿ, ಬಿಸಲಿಗೆ ಹೋಗೂಮುಂದ ಸನ್‌ಸ್ಕ್ರೀನ್. ನಾ ಹೇಳೂತನಕ ಹಣಿಗೆ ಕುಂಕುಮ ಇಲ್ಲ, ಟಿಕಳಿ ಇಲ್ಲ. ತಿಂಗಳಗಟ್ಲೆ ತಾಳ್ಮಿ ಬೇಕು.”

“ನನಗ ಗಂಡ ಅದಾರ್ರೀ,” ಎಂದಳು ಕಸ್ತೂರೆವ್ವ.

ಮನೆಗೆ ಬಂದ ಮೇಲೆ ಗಿರಿಮಲ್ಲಪ್ಪನೇ ಧೈರ್ಯ ಹೇಳಿದ: “ನಾ ಗಟ್ಟಿ ಅದೇನಿ. ನೀ ಔಷಧ ಹಚ್ಕೋ.” ಮೂವತ್ತು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡ ಅತ್ತೆ ಸಾವಕ್ಕ ಸೊಸೆಯ ಕುಂಕುಮದ ಭರಣಿಯನ್ನು ಎತ್ತಿ ಒಳಗಿಟ್ಟಳು. ಸೊಸೆ ಮನೆಬಿಟ್ಟು ಹೊರಬರುವುದನ್ನೇ ಕಡಿಮೆ ಮಾಡಿದಳು.

ಮೂರನೇ ತಿಂಗಳಿಗೆ ಕಲೆ ಅರ್ಧ ತಿಳಿಯಾಗಿತ್ತು. ಆಗ ಬನಹಟ್ಟಿಯಲ್ಲಿ ನೆಂಟರ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು, ತಪ್ಪಿಸುವಂತಿರಲಿಲ್ಲ. ಅತ್ತೆ, ಸೊಸೆ, ನಾನು ಒಂದೇ ಜಮಖಾನೆಯ ಮೇಲೆ ಕೂತೆವು. ಅರಿಷಿಣ ಕುಂಕುಮದ ತಟ್ಟೆ ಹಿಡಿದವಳು ಆ ಮನೆಗೆ ಹೊಸ ಸೊಸೆ, ನಮ್ಮ ಪರಿಚಯವಿಲ್ಲ. ಸಾಲಾಗಿ ಎಲ್ಲರಿಗೂ ಹಚ್ಚುತ್ತ ಬಂದಳು. ಕಸ್ತೂರೆವ್ವನ ತಾಳಿ ಸೆರಗಿನೊಳಗಿತ್ತು. ಆ ಹುಡುಗಿ ಅತ್ತೆ ಸೊಸೆ ಇಬ್ಬರ ಬರಿ ಹಣೆ ನೋಡಿ, ತಲೆ ತಗ್ಗಿಸಿ, ಅವರನ್ನು ದಾಟಿ ನನ್ನ ಮುಂದೆ ನಿಂತಳು.

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಕಸ್ತೂರೆವ್ವ ನನ್ನ ಕೈ ಹಿಡಿದು ತಡೆದಳು. ಅವಳು ನೋಡುತ್ತಿದ್ದುದು ಅತ್ತೆಯನ್ನು.

“ಅತ್ತಿ, ನಮ್ಮ ಮನ್ಯಾಗ ತಟ್ಟಿ ಹಿಡಕೊಂಡು ನಿಮ್ಮನ್ನ ದಾಟಿ ಹೋಗಾಕಿ ನಾನ ಇದ್ನಲ್ರಿ.”

ಸಾವಕ್ಕ ಸೊಸೆಯ ಮುಖ ನೋಡಲಿಲ್ಲ. “ಹೂಂ ಯವ್ವಾ,” ಎಂದಳು. “ಒಂದ ಸಲನಾದ್ರೂ ನನ್ನ ಮುಂದ ನಿಂದರತಿ ಏನೋ ಅಂತ ನಾನೂ ನೋಡತಿದ್ದೆ.”