ಒಂದು ಚಮಚ ಬೆಣ್ಣೆ

ಐದು ಮಹಡಿಯ ಆ ಕಟ್ಟಡದಲ್ಲಿ ಅವನಿಗೆ ಹೆತ್ತವರು ಇಟ್ಟ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಲಿಫ್ಟ್ ರಿಪೇರಿ ಮಾಡುವವನು, ಹಾಗಾಗಿ ಹಿರಿಯರು ಕಿರಿಯರೆನ್ನದೆ ಎಲ್ಲರಿಗೂ ಲಿಫ್ಟಣ್ಣ. ಎಂಥ ಲಿಫ್ಟು ಮುನಿಸಿಕೊಂಡು ಎರಡು ಮಹಡಿಗಳ ನಡುವೆ ನಿಂತುಬಿಟ್ಟರೂ ಅವನು ಬಂದು ಬಾಗಿಲಿಗೆ ಕಿವಿಗೊಟ್ಟರೆ ಸಾಕು, ರೋಗ ಇಂಥಲ್ಲಿ ಎಂದು ಹೇಳಿಬಿಡುತ್ತಿದ್ದ. ಅಂಥವನ ಮಗಳು, ಹದಿನೇಳರ ಹುಡುಗಿ, ಲಿಫ್ಟು ಹತ್ತುವುದನ್ನು ಬಿಟ್ಟು ಏಳು ತಿಂಗಳಾಗಿತ್ತು. ಐದು ಮಹಡಿಯನ್ನೂ ನಡೆದೇ ಹತ್ತುವಳು, ಹತ್ತಿದ್ದು ಸಾಲದೆಂದು ಮತ್ತೆ ಇಳಿಯುವಳು. ತಟ್ಟೆಯ ಮುಂದೆ ಕೂತರೆ ಮಾತ್ರ ಕೈ ಬಾಯಿಗೆ ಬಾರದು. ಈ ರೋಗ ಎಲ್ಲಿದೆಯೆಂದು ಲಿಫ್ಟಣ್ಣನ ಕಿವಿಗೆ ಕೇಳಿಸಲಿಲ್ಲ.

ಮೊದಮೊದಲು ಬೈದ. ಆಮೇಲೆ ಬೇಡಿಕೊಂಡ. ಬೈಗುಳವೂ ಬೇಡಿಕೆಯೂ ಬಂಡೆಯ ಮೇಲೆ ಸುರಿದ ನೀರಾದವು. ಕೊನೆಗೆ ಆಸ್ಪತ್ರೆಗೆ ಕರೆದೊಯ್ದಾಗ ಅಲ್ಲಿನ ಡಾಕ್ಟರಮ್ಮ ಮನೆಮಂದಿಗೆಲ್ಲ ಎರಡು ಕಟ್ಟಳೆ ಹಾಕಿದರು: ಊಟದ ಹೊತ್ತಿನಲ್ಲಿ ಊಟದ ಮಾತು ಕೂಡದು, ಹುಡುಗಿಯ ತಟ್ಟೆಯ ಮೇಲೆ ಯಾರೂ ಕಣ್ಣಿಡಕೂಡದು. ಅಂದಿನಿಂದ ಆ ಮೇಜಿನ ಸುತ್ತ ಮೋಡದ ಬಗ್ಗೆ, ಬಿಸಿಲಿನ ಬಗ್ಗೆ, ಎದುರು ಮನೆಯ ಬೆಕ್ಕಿನ ಬಗ್ಗೆ ನಡೆದಷ್ಟು ಮಾತುಕತೆ ಲೋಕದಲ್ಲಿ ಇನ್ನೆಲ್ಲೂ ನಡೆದಿರಲಾರದು. ಲಿಫ್ಟಣ್ಣನ ತಾಯಿಗೆ ಮಾತ್ರ ನಾಲಿಗೆ ಕಟ್ಟಿ ಕೂರುವುದು ಪ್ರಾಣಸಂಕಟ. ಒಂದು ದಿನ ತಡೆಯಲಾರದೆ, ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಾದೆ ತೆಗೆದೇ ತೆಗೆದಳು. "ಆ ಗಾದೆ ಮಾಡಿದವನು ನಮ್ಮನೆಗೆ ಬಂದಿರ್ಲಿಲ್ಲ ಬಿಡಮ್ಮ" ಎಂದ ಮಗ. ಎಷ್ಟೋ ವಾರಗಳ ಮೇಲೆ ಅಂದು ಮೊಮ್ಮಗಳ ತುಟಿಯಂಚಿನಲ್ಲಿ ಒಂದು ಎಳೆ ನಗು ಕಂಡಿತ್ತು.

ದಾರಿ ತೋರಿಸಿದವಳೂ ಹುಡುಗಿಯೇ. ಅವಳ ಅಮ್ಮನಿಗೆ ಬ್ರೆಡ್ ಕಾರ್ಖಾನೆಯಲ್ಲಿ ಸಂಜೆಯ ಪಾಳಿ, ಹಾಗಾಗಿ ವಾರದ ದಿನಗಳಲ್ಲಿ ಒಲೆ ಅಪ್ಪನದು. ಹನ್ನೆರಡು ದಿನದ ಹಿಂದೆ ಅವಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಏನೇನು ಹಾಕ್ತೀಯ ಅಂತ ನಾನು ನೋಡ್ಬೇಕಪ್ಪ. ನೋಡಿದ್ದನ್ನ ತಿಂತೀನಿ."

ಲಿಫ್ಟಣ್ಣನಿಗೆ ಈ ಮಾತು ಥಟ್ಟನೆ ಅರ್ಥವಾಯಿತು. ಅವನ ಕಸುಬಿನಲ್ಲೂ ಹಾಗೇ. ಒಬ್ಬ ಲಿಫ್ಟಿನ ಕೆಳಗಿನ ಗುಂಡಿಯೊಳಗೆ ಇಳಿದಿದ್ದಾನೆಂದರೆ, ಅವನ ಬಾಯಿಂದ ಮಾತು ಬರುವ ತನಕ ಮೇಲಿರುವವನು ಬಟನ್ ಮುಟ್ಟುವಂತಿಲ್ಲ. ಅವಸರ ಬೀಳುವಂತಿಲ್ಲ, ಅಂದಾಜು ಮಾಡುವಂತಿಲ್ಲ. ಅದನ್ನೇ ಮಗಳಿಗೂ ಹೇಳಿದ. ನೀನು ಗುಂಡಿಯೊಳಗಿದ್ದೀಯ ಅಂದುಕೋ, ನಿನ್ನ ಮಾತಿಲ್ಲದೆ ನನ್ನ ಕೈ ಅಲ್ಲಾಡಲ್ಲ ಎಂದ. ಅವಳು ಒಲೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಅವನು ಎಣ್ಣೆಯ ಬಾಟಲಿ ಎತ್ತಿದಾಗ ಅವಳ ಮುಖ ನೋಡುವನು, ಅವಳು ಸಾಕು ಎಂದಾಗ ಇಳಿಸುವನು. ಹೀಗೆ ಹನ್ನೆರಡು ದಿನ ಅವಳು ಉಂಡಳು. ಗುಬ್ಬಚ್ಚಿಯ ಊಟವೇ, ಆದರೂ ಊಟ.

ಹದಿಮೂರನೆಯ ದಿನ ಗುರುವಾರ. ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೂಕ. ಹೋದ ಸಲಕ್ಕಿಂತ ಇಳಿದಿದ್ದರೆ ಮನೆಗೆ ಕಳಿಸುವುದಿಲ್ಲ, ಅಲ್ಲೇ ಸೇರಿಸಿಕೊಳ್ಳುತ್ತೇವೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಕೆಲಸದಲ್ಲಿ ಇಡೀ ದಿನ ಲಿಫ್ಟಣ್ಣನ ಕಣ್ಣ ಮುಂದೆ ತೂಕದ ಯಂತ್ರದ ಮುಳ್ಳೊಂದೇ ಆಡುತ್ತಿತ್ತು.

ಬರುವಾಗ ನಾಲ್ಕು ಕೋಳಿಕಾಲು ತಂದ. ಮೂಳೆ ಬಿಡಿಸಿದ ಮಾಂಸ ದುಬಾರಿ. ಮೂಳೆಯಿದ್ದರೆ ಅಗ್ಗವೂ ಹೌದು, ಸಾರವೂ ಹೌದು. ಈರುಳ್ಳಿ, ಕಾಳುಮೆಣಸು, ಉಪ್ಪು ಹಾಕಿ ಬೇಯಿಸಿ, ಮೂಳೆಯಿಂದ ಮಾಂಸ ಬಿಡಿಸಿಟ್ಟು, ಅದೇ ನೀರಿನಲ್ಲಿ ಪಾಸ್ತಾ ಬೇಯಿಸುವುದು ಅವನ ರೂಢಿ. ನೀರಿಗೆ ಇಳಿದ ರುಚಿ ಚರಂಡಿಗೆ ಹೋಗಬಾರದಲ್ಲ! ಆಮೇಲೆ ಬೆಳ್ಳುಳ್ಳಿ, ಮೆತ್ತಗಾದ ನಾಲ್ಕು ಟೊಮೆಟೊ. ನಾಲ್ಕು ಕಾಲಿನಲ್ಲಿ ನಾಲ್ಕು ಜನರ ಊಟ. ಮಗಳು ಮೂರು ವರ್ಷದವಳಿದ್ದಾಗ ಇದನ್ನೇ ಕೆನ್ನೆಗೆಲ್ಲ ಮೆತ್ತಿಕೊಂಡು ತಿನ್ನುತ್ತಿದ್ದಳು.

ಸ್ಟೂಲಿನ ಮೇಲೆ ಕೂತು ಅವಳು ಎಲ್ಲವನ್ನೂ ನೋಡಿದಳು. ಎಣ್ಣೆ ಒಂದೇ ಚಮಚ. ಮಾಂಸದ ಎಳೆಗಳನ್ನು ಬಾಣಲೆಗೆ ಸುರಿದದ್ದೂ ಅವಳ ಎದುರಿಗೇ. ಅಷ್ಟರಲ್ಲಿ ಹೊರಗಿನ ಕೋಣೆಯಿಂದ ಅಜ್ಜಿ ಕೂಗಿದಳು. ಸೂಜಿಗೆ ದಾರ ಪೋಣಿಸಬೇಕಂತೆ. ಹುಡುಗಿ ಎದ್ದು ಹೋದಳು. ಹೋಗುವಾಗ ಹಿಂತಿರುಗಿ ನೋಡಲಿಲ್ಲ. ಅಷ್ಟು ನಂಬಿದ್ದಳು.

ಬೆಣ್ಣೆ ಕರಗಲು ಎಷ್ಟು ಹೊತ್ತು ಬೇಕು? ಕಣ್ಣು ಮಿಟುಕಿಸಿ ತೆರೆಯುವಷ್ಟು. ಫ್ರಿಜ್ಜಿನ ಬಾಗಿಲು ತೆರೆದದ್ದು, ಚಮಚದಲ್ಲಿ ತೆಗೆದದ್ದು, ಬಾಣಲೆಯಲ್ಲಿ ತಿರುವಿದ್ದು, ಎಲ್ಲ ಅವನ ಕೈಯೇ ಮಾಡಿತು. ಮುಳ್ಳು ಒಂದು ಗೆರೆ ಮೇಲೇರಲಿ ಎಂಬುದಷ್ಟೇ ಅವನ ತಲೆಯಲ್ಲಿದ್ದುದು. ಅವಳು ಬಂದು ಕೂತಾಗ ಅವನು ಕಾಳುಮೆಣಸು ಉದುರಿಸುತ್ತಿದ್ದ.

ಮೇಜಿನಲ್ಲಿ ಮೂವರು ಕೂತರು. ಅಮ್ಮನ ಪಾಲು ಮುಚ್ಚಿಟ್ಟಿತ್ತು. ಅಜ್ಜಿ ಎದುರು ಮನೆಯ ಬೆಕ್ಕು ಎಷ್ಟು ಮರಿ ಹಾಕಿತೆಂದು ಹೇಳತೊಡಗಿದಳು. ಲಿಫ್ಟಣ್ಣ ಕಟ್ಟಳೆಯಂತೆ ಗೋಡೆ ನೋಡುತ್ತಿದ್ದ. ಫೋರ್ಕಿನ ಸದ್ದು ಒಮ್ಮೆ ಕೇಳಿಸಿತು. ಆಮೇಲೆ ಕೇಳಿಸಲಿಲ್ಲ.

"ಅಪ್ಪ, ಬೆಣ್ಣೆ ಹಾಕಿದ್ಯಾ?"

ಬೆಕ್ಕಿನ ಕತೆ ಅರ್ಧಕ್ಕೇ ನಿಂತಿತು. ಇಲ್ಲ ಎನ್ನಬಹುದಿತ್ತು. ತಟ್ಟೆಯ ಅಂಚಿನಲ್ಲಿ ಹೊಳೆಯುವ ಹಳದಿ ಗೆರೆ ಅವನಿಗೂ ಕಂಡಿತು.

"ಒಂದು ಚಮಚ. ನಾಳೆ ತೂಕ ಇದೆಯಲ್ಲ ಪುಟ್ಟಿ, ಅದಕ್ಕೆ."

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಫೋರ್ಕನ್ನು ತಟ್ಟೆಯ ಪಕ್ಕ ನೆಟ್ಟಗೆ ಇಟ್ಟಳು.

"ಬೆಣ್ಣೆಗೆ ಕೋಪ ಇಲ್ಲಪ್ಪ. ನೀನು ಮಾಡಿದ ಅಡುಗೆ ಅಂದ್ರೆ ನನ್ನ ತಲೇಲಿ ಗಲಾಟೆ ಆಗ್ತಿರ್ಲಿಲ್ಲ. ಇದೊಂದೇ ಹಾಗಿದ್ದಿದ್ದು."

ಎದ್ದು ಒಳಗೆ ಹೋದಳು. ಲಿಫ್ಟಣ್ಣನಿಗೆ ಬೈಯುವುದಕ್ಕೂ ಬಾಯಿಲ್ಲ, ಬೇಡುವುದಕ್ಕೂ ಮುಖವಿಲ್ಲ. ಅಜ್ಜಿ ಮೊಮ್ಮಗಳ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು.

"ನಾನಾದ್ರೂ ಅದನ್ನೇ ಮಾಡ್ತಿದ್ದೆ ಕಣೋ" ಎಂದಳು ಮೆಲ್ಲಗೆ. ಅದರಿಂದ ಅವನಿಗೆ ಸಮಾಧಾನವೇನೂ ಆಗಲಿಲ್ಲ.

ಅವನು ಎದ್ದು ಪಾಸ್ತಾ ಪೊಟ್ಟಣ ಅಲ್ಲಾಡಿಸಿದ. ಒಂದು ಹಿಡಿ ಉಳಿದಿತ್ತು. ಕೋಳಿಯೆಲ್ಲ ಬೆಣ್ಣೆಯ ಪಾಲಾಗಿತ್ತು. ಬರೀ ನೀರು, ಉಪ್ಪು, ಇದೊಂದು ಹಿಡಿ. ಪಾತ್ರೆ ತೊಳೆದು ನೀರಿಟ್ಟ. ಸ್ಟೂಲನ್ನು ಒಲೆಯ ಹತ್ತಿರಕ್ಕೆ, ಮೊದಲಿಗಿಂತ ಹತ್ತಿರಕ್ಕೆ, ಎಳೆದಿಟ್ಟು ಮಗಳನ್ನು ಕರೆದ. ಬಂದು ನೋಡು, ಏನೂ ಹಾಕಲ್ಲ, ನೀನೇ ಹಾಕು ಬೇಕಾದರೆ ಎಂದ. ನೀರು ಕುದಿಯಿತು. ಕುದಿದು ಅರ್ಧವಾಯಿತು. ಪಾಸ್ತಾ ಅವನ ಮುಷ್ಟಿಯಲ್ಲೇ ಇತ್ತು, ಅವಳಿಲ್ಲದೆ ಹಾಕುವಂತಿರಲಿಲ್ಲ.

ಒಳಗೆ ಬೀರು ತೆರೆದ ಸದ್ದಾಯಿತು. ಹೋಗಿ ಬಾಗಿಲಲ್ಲಿ ನಿಂತ. ಮಂಚದ ಮೇಲೆ ಚೀಲ ಬಿಚ್ಚಿತ್ತು. ಹುಡುಗಿ ಬಟ್ಟೆಗಳನ್ನು ಒಂದೊಂದಾಗಿ ಮಡಚಿ ತುಂಬುತ್ತಿದ್ದಳು. ನಾಳೆ ಏನಾಗುತ್ತದೆಂದು ಅವಳಿಗೆ ಯಂತ್ರ ಹೇಳಬೇಕಾಗಿರಲಿಲ್ಲ.

"ಅಪ್ಪ, ನನ್ನ ಉಣ್ಣೆ ಕಾಲುಚೀಲ ಎಲ್ಲಿದೆ? ಅಲ್ಲಿ ಚಳಿ ಇರುತ್ತೆ."

ಅಮ್ಮನ ಬಟ್ಟೆಗಳ ಕೆಳಗೆ, ಎಡಗಡೆ. ಅದು ಅವನಿಗೆ ಗೊತ್ತಿತ್ತು. ಮುಷ್ಟಿಯಲ್ಲಿದ್ದುದನ್ನು ಮೇಜಿನ ಮೇಲಿಟ್ಟು, ಒಲೆ ಆರಿಸಿ ಬಂದು, ಹುಡುಕಿಕೊಟ್ಟ.