ಆಯಿ ಬಾಯಿ ಬಿಟ್ಟು ಹೇಳದ ಹೆಸರು

ನಮ್ಮ ಆಯಿ ಬೇಳೆ ಆರಿಸುವಾಗ ಅದರಲ್ಲಿ ಕಲ್ಲು ಸಿಗುವುದಿಲ್ಲ. ‘ಅವರು’ ಸಿಗುತ್ತಾರೆ. “ಈ ಸಲದ ಬ್ಯಾಳ್ಯಾಗ ಅವರು ಭಾಳ ಬಂದಾರ, ನೋಡ್ಕೊಂಡು ತಿನ್ರಿ” ಎಂದು ಊಟಕ್ಕೆ ಕುಳಿತವರಿಗೆಲ್ಲ ಎಚ್ಚರಿಕೆ ಕೊಡುತ್ತಾಳೆ. ಹೊಸದಾಗಿ ಬಂದ ಬೀಗರು ಬೇಳೆಯೊಳಗೆ ಯಾರು ಬಂದಿದ್ದಾರೋ ಎಂದು ಗಾಬರಿಯಿಂದ ತಟ್ಟೆಯಲ್ಲಿ ಇಣುಕುತ್ತಾರೆ. ನಾವು ಮೊಮ್ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ಒಳಕ್ಕೆ ಓಡುತ್ತೇವೆ.

ಇದಕ್ಕೆಲ್ಲ ಮೂಲ ನಮ್ಮ ಮುತ್ಯಾನ ಹೆಸರು. ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ, ಆಯಿ ಎಂದರೆ ಅಜ್ಜಿ. ಆ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಆಯಿಗೆ ಓದಲು ಬರುವುದಿಲ್ಲ ಎನ್ನುವುದು ನಿಜ, ಆದರೆ ಯಾರಾದರೂ ಓದಿ ಹೇಳಿಬಿಟ್ಟರೆ ನನ್ನ ಕಥೆ ಮುಗಿಯಿತು. ಕಲ್ಲಿನ ಪಕ್ಕದಲ್ಲಿ ಒಬ್ಬ ಅಪ್ಪನನ್ನು ಕೂರಿಸಿಕೊಳ್ಳಿ, ಅಷ್ಟೇ. ಮುತ್ಯಾನಿಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಕೈಗೆ ಹತ್ತಲಿಲ್ಲವಂತೆ. ಮೂರನೆಯದಕ್ಕೆ ಚಂದದ ಹೆಸರಿಟ್ಟರೆ ಸಾವಿಗೆ ಆಸೆಯಾದೀತು ಎಂದು ಮನೆಯ ಹಿರಿಯರು ಅಂಗಳಕ್ಕೆ ಬಂದು ಸುತ್ತ ನೋಡಿದರಂತೆ. ಶಹಾಬಾದಿನಲ್ಲಿ ಅಂಗಳಕ್ಕೆ ಬಂದು ಸುತ್ತ ನೋಡಿದರೆ ಮತ್ತೇನು ಕಾಣುತ್ತದೆ? ಅದನ್ನೇ ಇಟ್ಟರು. ಯಾರೂ ಎತ್ತಿಕೊಂಡು ಹೋಗಲಿಲ್ಲ. ಎಂಬತ್ತು ದಾಟಿದ ಮುತ್ಯಾ ಈಗಲೂ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಚಾಚುತ್ತಾನೆ.

ಆಯಿಯ ಕಷ್ಟ ಶುರುವಾದದ್ದು ಲಗ್ನದ ಮರುದಿನದಿಂದ. ಒಂದು ಸಲ ಗಂಡನ ಹೆಸರು ಹಿಡಿದರೆ ಅವನ ಆಯುಷ್ಯದಲ್ಲಿ ಒಂದು ವರ್ಷ ಹೋಗುತ್ತದೆ ಎಂದು ಅವಳ ಅವ್ವ ಹೇಳಿ ಕಳಿಸಿದ್ದಳು. ಮಲ್ಲಿಗೆಯ ಹೆಸರಿನ ಗಂಡನಾಗಿದ್ದರೆ ಹೂ ಮುಡಿಯುವಾಗಷ್ಟೇ ಪೇಚಾಟ. ಆದರೆ ನಮ್ಮ ಊರಿನಲ್ಲಿ ಗೋಡೆ ಕಲ್ಲು, ನೆಲ ಕಲ್ಲು, ಮಾಳಿಗೆ ಕಲ್ಲು, ದನದ ಗೋದಲಿಯೂ ಕಲ್ಲು. ನೆಲದ ಹಾಸುಗಲ್ಲಿಗೆ ‘ಫರ್ಸಿ’ ಎಂಬ ಇನ್ನೊಂದು ಹೆಸರಿದ್ದದ್ದರಿಂದ ಅವಳು ಬದುಕಿಕೊಂಡಳು. ಉಳಿದದ್ದಕ್ಕೆಲ್ಲ ತಾನೇ ದಾರಿ ಹುಡುಕಿದಳು. ಬೀಸುವ ಕಲ್ಲು ‘ಬೀಸೋರು’ ಆಯಿತು. ಕಲ್ಲುಸಕ್ಕರೆ ‘ನಿಮ್ಮ ಮುತ್ಯಾನ ಸಕ್ಕರಿ’ ಆಯಿತು. ಜಿಲ್ಲೆಯ ಹೆಸರು ಗುಲ್ಬರ್ಗಾ ಹೋಗಿ ಕಲಬುರಗಿ ಆದಾಗ ಎಲ್ಲರೂ ನಾಲಿಗೆ ತಿದ್ದಿಕೊಂಡರು, ಆಯಿ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. “ಆ ಊರಿನ ಮೊದಲಿಗೇ ಅವರು ಕುಂತಾರ, ನಾ ಹ್ಯಾಂಗ ಅನ್ನಲಿ?” ಎಂದಳು.

ನಾನು ನನ್ನ ಗಂಡನನ್ನು ಹೆಸರು ಹಿಡಿದೇ ಕರೆಯುತ್ತೇನೆ, ಸಿಟ್ಟು ಬಂದಾಗ ಅದರ ಮುಂದೆ ಇನ್ನೊಂದೆರಡು ಪದ ಸೇರಿಸಿಯೂ ಕರೆಯುತ್ತೇನೆ. ಆಯಿಯ ಪ್ರಕಾರ ಅವನು ನಮ್ಮ ಲಗ್ನವಾದ ವಾರದೊಳಗೇ ಹೋಗಬೇಕಿತ್ತು. ಇನ್ನೂ ಇದ್ದಾನೆ, ಸೇಡಂನ ನಮ್ಮ ಮನೆಯಲ್ಲಿ ರಿಮೋಟ್ ಹಿಡಿದುಕೊಂಡು. ಇದನ್ನು ಹೇಳಿದರೆ ಆಯಿ ಕಿವಿ ಮುಚ್ಚಿಕೊಳ್ಳುತ್ತಾಳೆ.

ಒಮ್ಮೆ ಒಂದು ಆಫೀಸಿನಲ್ಲಿ ಕಾಗದ ತುಂಬುವವನು ಗಂಡನ ಹೆಸರು ಕೇಳಿದ. ಆಯಿ ನಾಚಿಕೊಂಡು ನೆಲ ತೋರಿಸಿದಳು. ಅವನಿಗೆ ತಿಳಿಯಲಿಲ್ಲ. ಗೋಡೆ ತೋರಿಸಿದಳು. ಕೊನೆಗೆ ತಲೆ ಎತ್ತಿ ಮಾಳಿಗೆ ತೋರಿಸಿದಳು. “ಬಿಲ್ಡಿಂಗ್ ರಿಪೇರಿ ನಮ್ಮ ಕೈಯಾಗಿಲ್ಲಬೇ ಯಮ್ಮಾ” ಎಂದನಂತೆ ಆ ಪುಣ್ಯಾತ್ಮ. ಝೆರಾಕ್ಸ್ ಮಾಡಿಸಿಕೊಂಡು ನಾನು ವಾಪಸು ಬರುವಷ್ಟರಲ್ಲಿ ಅವನು ಬೆವರುತ್ತಿದ್ದ, ಇವಳು ಕಿಟಕಿಯ ಕಟ್ಟೆಯನ್ನು ಬಡಿದು ಬಡಿದು ತೋರಿಸುತ್ತಿದ್ದಳು.

ಹೋದ ವರ್ಷ ಇಬ್ಬರನ್ನೂ ನಾಲ್ಕು ದಿನ ಇಟ್ಟುಕೊಳ್ಳೋಣವೆಂದು ಶಹಾಬಾದಿನಿಂದ ಸೇಡಂಗೆ ರೈಲಿನಲ್ಲಿ ಕರೆದುಕೊಂಡು ಹೊರಟಿದ್ದೆ. ವಾಡಿಯಲ್ಲಿ ಗಾಡಿ ನಿಂತಿತು. ನಾನು ಸಾಮಾನು ಸರಿ ಮಾಡಿ ತಿರುಗುವಷ್ಟರಲ್ಲಿ ಮುತ್ಯಾ ಜಾಗದಲ್ಲಿಲ್ಲ. ಇಳಿದು ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ಮಿರ್ಚಿ ಭಜ್ಜಿಯವನ ಮುಂದೆ ನಿಂತುಬಿಟ್ಟಿದ್ದ. ನಮ್ಮ ಕಡೆಗೆ ಬೆನ್ನು. ಜೇಬಿನಲ್ಲಿ ಫೋನಿಲ್ಲ, ಟಿಕೆಟ್ ನನ್ನ ಚೀಲದಲ್ಲಿ, ಕನ್ನಡಕ ಆಯಿಯ ಮಡಿಲಲ್ಲಿ. ಅಷ್ಟರಲ್ಲಿ ಗಾಡಿ ಕೂಗು ಹಾಕಿತು.

ನಾನು ಬಾಗಿಲಿಗೆ ಬಂದು “ಮುತ್ಯಾ!” ಎಂದು ಕಿರುಚಿದೆ. ವಾಡಿ ಸ್ಟೇಷನ್ನಿನಲ್ಲಿದ್ದ ಮುದುಕರೆಲ್ಲ ತಿರುಗಿ ನೋಡಿದರು, ನಮ್ಮವನೊಬ್ಬನನ್ನು ಬಿಟ್ಟು. ಎಲ್ಲರೂ ಯಾರಿಗಾದರೂ ಮುತ್ಯಾಗಳೇ ಅಲ್ಲವೇ! ಸರಿ, ಹೆಸರು ಹಿಡಿದೇ ಕೂಗುತ್ತೇನೆ ಎಂದು ಬಾಯಿ ತೆರೆದರೆ ಆಯಿ ಹಿಂದಿನಿಂದ ಬಂದು ನನ್ನ ಬಾಯಿ ಒತ್ತಿ ಹಿಡಿದಳು. “ಹಿರೇರ ಹೆಸರ ಹಿಡಿತೀಯೇನ? ನಾಚಿಕಿಲ್ಲೇನ ನಿನಗ?” ಇಳಿಯಲು ಹೋದರೆ ಸೆರಗು ಹಿಡಿದು ಜಗ್ಗಿದಳು. “ನೀನೂ ಇಳದ್ರ ನಾ ಒಬ್ಬಾಕಿ ಎಲ್ಲಿಗಿ ಹೋಗ್ಲಿ?”

ಗಾಡಿ ಮೆಲ್ಲಗೆ ಅಲುಗಿತು.

ಆಯಿ ನನ್ನನ್ನು ಪಕ್ಕಕ್ಕೆ ತಳ್ಳಿದಳು. ಬಾಗಿಲ ಸರಳು ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿ, ಆ ಹೆಸರನ್ನು ಕೂಗಿದಳು. ಎಂಥ ದನಿ ಅಂತೀರಿ! ಇಷ್ಟು ವರ್ಷ ಎಲ್ಲಿಟ್ಟಿದ್ದಳೋ ಅದನ್ನು. ಪಕ್ಕದ ಡಬ್ಬಿಯಿಂದ ಮೀಸೆಯವನೊಬ್ಬ ತಲೆ ಹೊರಗೆ ಹಾಕಿ, “ಏನ್ರಿ ಯಮ್ಮಾ, ನನ್ನ ಕರದ್ರೇನ್ರಿ?” ಎಂದ. ನಮ್ಮ ಸೀಮೆಯಲ್ಲಿ ಆ ಹೆಸರಿಗೇನು ಬರವೇ? ಆದರೆ ಭಜ್ಜಿಯವನ ಮುಂದಿನ ಬೆನ್ನು ಅಲ್ಲಾಡಲಿಲ್ಲ.

ಆಯಿ ಕಣ್ಣು ಬಿಟ್ಟು ಆ ಬೆನ್ನನ್ನೇ ನೋಡಿದಳು. ನಿಜ ಹೇಳುತ್ತೇನೆ, ನನಗೆ ಗಾಡಿ ಹೋಗುವುದು ಒಂದು ಹೆದರಿಕೆ, ಇವಳು ಕೊಟ್ಟ ಬೆಲೆ ನೋಡಿ ಇನ್ನೊಂದು. ನನಗೆ ಆ ನಂಬಿಕೆ ಹುಚ್ಚುತನ ಇರಬಹುದು, ಅವಳಿಗೆ ಅದು ಅವನ ಜೀವ. ಅವಳು ಮತ್ತೊಮ್ಮೆ ಉಸಿರು ಎಳೆದು ಮೊದಲಿಗಿಂತ ಜೋರಾಗಿ ಕೂಗಿದಳು.

ಮುತ್ಯಾ ತಿರುಗಿದ. ತಿರುಗಿದವನು ಓಡಿದ. ಮೀಸೆಯವನೂ ಇನ್ನಿಬ್ಬರೂ ಸೇರಿ ರಟ್ಟೆ ಹಿಡಿದು ತಮ್ಮ ಡಬ್ಬಿಯೊಳಗೆ ಎಳೆದುಕೊಂಡರು. ಚಪ್ಪಲಿ ಒಂದು ವಾಡಿಯಲ್ಲೇ ಉಳಿಯಿತು, ಮಿರ್ಚಿಯ ಪೊಟ್ಟಣಕ್ಕೆ ಮಾತ್ರ ಏನೂ ಆಗಿರಲಿಲ್ಲ. ಅವನನ್ನು ನಮ್ಮ ಸೀಟಿಗೆ ತಂದು ಕೂರಿಸಿದಾಗ ಆಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. “ಎರಡು ಸಲ ಬಾಯಿ ಬಿಟ್ಟೆ. ಎರಡು ವರ್ಷ ಹೋತು. ನನ್ನ ಬಾಯಿಗಿ ಬೆಂಕಿ ಬೀಳಲಿ.”

ನನಗೆ ಸಿಟ್ಟು ನೆತ್ತಿಗೇರಿತು. “ಕಿವಿ ಕೇಳಲ್ಲಂದ್ರ ಯಾಕ ಇಳದಿ ಮುತ್ಯಾ? ಮೊದಲನೇ ಸಲಕ್ಕೇ ಬಂದಿದ್ರ ಆಯಿಗಿ ಇಷ್ಟು ಸಂಕಟ ಇರ್ತಿರಲಿಲ್ಲ” ಎಂದು ಬೈದೆ.

ಮುತ್ಯಾ ಉಸಿರು ತಹಬಂದಿಗೆ ತಂದುಕೊಂಡ. “ಕೇಳಿಸಿತ್ತು” ಎಂದ.

“ಏನು?”

“ಮೊದಲನೇ ಸಲಾನೇ ಕೇಳಿಸಿತ್ತು.” ಅವನು ಆಯಿಯ ಕಡೆ ನೋಡಲಿಲ್ಲ, ಪೊಟ್ಟಣದ ದಾರ ಬಿಚ್ಚುತ್ತ ಹೇಳಿದ. “ಲಗ್ನ ಆಗಿ ಐವತ್ತು ವರ್ಷದ ಮ್ಯಾಲಾತು, ಒಂದ್ ದಿನಾನೂ ಕರದಾಕಿ ಅಲ್ಲ. ನನ್ನ ಹೆಸರ ಇಷ್ಟು ಚಂದ ಅದ ಅಂತ ನನಗ ಗೊತ್ತೇ ಇದ್ದಿಲ್ಲ. ಇನ್ನೊಮ್ಮಿ ಕರೀತಾಳೇನೋ ಅಂತ ಹಂಗೇ ನಿಂತೆ.”

ಆಯಿ ಸೆರಗು ತೆಗೆದು ಅವನ ತೋಳಿಗೆ ಒಂದೇಟು ಹಾಕಿದಳು. ಎದುರಿನ ಸೀಟಿನವರು ಬೆಚ್ಚಿಬಿದ್ದರು. “ಗಾಡಿ ಹೋಗಿದ್ರ? ಎರಡು ವರ್ಷ ಹೋತಲ್ರಿ, ಖಬರ ಅದೇನು ನಿಮಗ?”

“ಹೋಗ್ಲಿ ಬಿಡು” ಎಂದ ಮುತ್ಯಾ. “ಬೇಕಾದ್ರ ಇನ್ನೊಂದು ವರ್ಷ ತಗೋ. ಈ ಸಲ ಮೆಲ್ಲಗ ಕರಿ. ಗಾಡ್ಯಾಗಿನ ಮಂದಿಗಿ ಕೇಳಬ್ಯಾಡ, ನನಗಷ್ಟ ಕೇಳಿದ್ರ ಸಾಕು.”

ಆಯಿ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಚಿತ್ತಾಪುರ ಬಂದು ಹೋಯಿತು. ತೊಗರಿ ಹೊಲಗಳು ಶುರುವಾದ ಮೇಲೆ ಅವನ ಕಡೆಗೆ ಸರಿದು, ಕಿವಿಯ ಹತ್ತಿರ ಬಾಗಿ ಏನೋ ಅಂದಳು. ನಾನು ನಾಚಿಕೆ ಬಿಟ್ಟು ಕತ್ತು ಚಾಚಿದೆ, ಗಾಡಿಯ ಸದ್ದಿನಲ್ಲಿ ಒಂದಕ್ಷರವೂ ಸಿಗಲಿಲ್ಲ.

“ಏನಂದಿ ಆಯಿ?” ಎಂದು ಕೇಳಿದೆ.

“ಮಿರ್ಚಿ ಆರಾಕತ್ತಾವ, ತಿನ್ರಿ ಅಂದೆ” ಎಂದಳು.

ಮುತ್ಯಾ ಇನ್ನೂ ಒಂದು ಮಿರ್ಚಿಯನ್ನೂ ಬಾಯಿಗೆ ಹಾಕಿರಲಿಲ್ಲ, ಆಗಲೇ ಕಣ್ಣು ಒರೆಸಿಕೊಳ್ಳುತ್ತಿದ್ದ.