ಮಾಳಪ್ಪಜ್ಜನ ಕಂಬಳಿ ಹೊದ್ದು

ಆ ಹಕ್ಕಿಗಳನ್ನು ಎಬ್ಬಿಸಿದವನು ನಾನು. ಹದ್ದಲ್ಲ, ನಾಯಿಯಲ್ಲ, ಮಾಳಪ್ಪಜ್ಜ ತಿಳಿದುಕೊಂಡ ಹಾಗೆ ದೇವರ ಸಿಟ್ಟೂ ಅಲ್ಲ — ನಾನು. ಅದೂ ಅವನದೇ ಕಂಬಳಿ ಹೊದ್ದು, ಅವನದೇ ಕುರಿಗಳ ನಡುವೆ ಕೂತು. ನಾಲ್ಕು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಧೈರ್ಯ ಬರಲಿಲ್ಲ ಎಂದರೆ ಅದೂ ಅರ್ಧ ಸುಳ್ಳೇ. ಹೇಳದಿದ್ದರೂ ನನ್ನ ದಿನ ನಡೆಯುತ್ತಿತ್ತು, ಅದಕ್ಕೇ ಹೇಳಲಿಲ್ಲ.

ನಾನು ಬನಹಟ್ಟಿಯ ನೇಕಾರ. ಮನೆಯಲ್ಲೇ ನಾಲ್ಕು ಪವರ್‌ಲೂಮುಗಳಿವೆ. ಅವುಗಳ ಖಟಖಟ ಸದ್ದಿನಲ್ಲೇ ಉಂಡು, ಮಾತಾಡಿ, ಜಗಳವಾಡುವ ನಮಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿದೆ. ವಾರದ ರಜೆ ಬಂತೆಂದರೆ ನಸುಕಿನಲ್ಲೇ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬೈಕಿನಲ್ಲಿ ಬೀಳಗಿ ಕಡೆ ಹೊರಡುತ್ತಿದ್ದೆ. ಬೈಕನ್ನು ಗುಡ್ಡದ ಬುಡದಲ್ಲಿ ನಿಲ್ಲಿಸಿ, ಕುರುಚಲು ಗಿಡಗಳ ನಡುವಿನ ಕಾಲುದಾರಿ ಹಿಡಿದು ಏರಿ, ಆಚೆ ಇಳಿದರೆ ಅಣೆಕಟ್ಟಿನ ಹಿನ್ನೀರು. ಸೀರೆಯಲ್ಲಿ ಕಾಣದ ಬಣ್ಣ ಆ ಕೆಸರಿನಲ್ಲಿ ಏನು ಕಾಣುತ್ತದೋ ಎಂದು ಹೆಂಡತಿ ಕಾಡಿಸುತ್ತಿದ್ದಳು. ಕಾಣುತ್ತಿತ್ತು, ಆದರೆ ಅವಳಿಗೆ ವಿವರಿಸುವುದು ನನ್ನಿಂದ ಆಗುತ್ತಿರಲಿಲ್ಲ.

ಸಮುದ್ರ ನಮ್ಮ ಸೀಮೆಯಿಂದ ಬಹಳ ದೂರ. ನನ್ನ ತಾಯಿ ಅದನ್ನು ಒಮ್ಮೆಯೂ ನೋಡದೆ ತೀರಿಕೊಂಡಳು. ಆದರೆ ಚಳಿಗಾಲ ಬಂದರೆ ಕಡಲಂಚಿನ ಹಕ್ಕಿಗಳೇ ನಮ್ಮಲ್ಲಿಗೆ ಬರುತ್ತವೆ — ಬಿಳಿ ಕಡಲಕ್ಕಿಗಳು, ಕೆಸರಿಗೆ ಉದ್ದ ಕೊಕ್ಕು ಊರುವ ಗೊರವಗಳು, ಮತ್ತೆ ರಾಜಹಂಸಗಳು. ಗುಡ್ಡದ ನೆತ್ತಿಯಲ್ಲಿ ನಿಂತು ನೋಡಿದರೆ ಮಂಜಿನಲ್ಲಿ ನೀರು ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಎರಡರ ನಡುವೆ ಎಲ್ಲೋ ಆ ಹಕ್ಕಿಗಳು ಒಂಟಿಗಾಲಿನಲ್ಲಿ ನಿಂತಿರುತ್ತಿದ್ದವು. ಕಿವಿಯಲ್ಲಿ ಉಳಿದಿದ್ದ ಮಗ್ಗದ ಸದ್ದು ನಿಧಾನವಾಗಿ ಇಳಿದುಹೋಗುತ್ತಿತ್ತು. ಎಚ್ಚರವಿದ್ದೆನೋ, ಕನಸು ಕಾಣುತ್ತಿದ್ದೆನೋ — ಎಷ್ಟೋ ಸಲ ಕ್ಯಾಮೆರಾ ತೆಗೆಯುವುದನ್ನೇ ಮರೆಯುತ್ತಿದ್ದೆ. ಹಾಗೆ ಮರೆತ ದಿನಗಳೇ ಒಳ್ಳೆಯ ದಿನಗಳಾಗಿದ್ದವು ಎಂದು ಈಗ ಅನಿಸುತ್ತದೆ.

ಅಲ್ಲಿ ಕುರಿ ಮೇಯಿಸುತ್ತಿದ್ದವನು ಮಾಳಪ್ಪಜ್ಜ. ನೀರು ಹಿಂದೆ ಸರಿದಂತೆಲ್ಲ ದಂಡೆಯ ಮೇಲೆ ಎಳೆ ಹುಲ್ಲು ಚಿಗುರುತ್ತದೆ. ಅದರ ಬೆನ್ನು ಹತ್ತಿ ಅವನ ಕುರಿ ಹಿಂಡು. ನನ್ನಂಥವನು ದೂರದಲ್ಲಿ ಕಾಣಿಸಿದರೂ ಸಾಕು, ರಾಜಹಂಸಗಳು ಕತ್ತು ನಿಮಿರಿಸಿ ಒಳನೀರಿಗೆ ಸರಿದುಬಿಡುತ್ತಿದ್ದವು. ಅಜ್ಜ ಕರಿ ಕಂಬಳಿ ಹೊದ್ದು ಕುರಿಗಳ ಜೊತೆ ನೀರಿನ ಅಂಚಿಗೇ ಇಳಿದರೂ ಅವು ತಲೆ ಎತ್ತುತ್ತಿರಲಿಲ್ಲ. ಎಷ್ಟೋ ಚಳಿಗಾಲಗಳಿಂದ ಅವನನ್ನು ನೋಡಿದ್ದವು. ಅವುಗಳ ಲೆಕ್ಕದಲ್ಲಿ ತಾನೂ ಒಂದು ಕುರಿ, ಸ್ವಲ್ಪ ಎತ್ತರದ್ದು ಎಂದು ಅಜ್ಜ ನಗುತ್ತಿದ್ದ.

ಹತ್ತಿರದಿಂದ ಒಂದೇ ಒಂದು ಫೋಟೊ ಬೇಕೆಂದು ನಾನು ಗೋಗರೆದೆ. ಅವನು ತುಸು ಹೊತ್ತು ಯೋಚಿಸಿ, ತನ್ನ ಮೈಮೇಲಿನ ಕಂಬಳಿ ತೆಗೆದು ನನಗೆ ಹೊದಿಸಿದ. ಕುರಿ ಕಾಯುವವರ ದೇವರು ಬೀರಪ್ಪ. ಅವನ ಒಕ್ಕಲಿನವರಿಗೆ ಕಂಬಳಿ ಎಂದರೆ ಚಳಿಗೆ ಹೊದೆಯುವ ಬಟ್ಟೆಯಷ್ಟೇ ಅಲ್ಲ. ಅದರ ಮೇಲೆ ಆಡಿದ ಮಾತಿಗೆ ತಪ್ಪುವಂತಿಲ್ಲ.

“ನಿನ್ನನ್ನೂ ನಾನ ಅಂತ ತಿಳಿತಾವ, ತಮ್ಮಾ,” ಎಂದ. “ಅವಕ್ಕ ಮೋಸ ಮಾಡಬ್ಯಾಡ.”

ಬಟ್ಟೆ ನೇಯುವವನು ನಾನು. ಆ ಒರಟು ಉಣ್ಣೆಯನ್ನು ಬೆರಳಿನಲ್ಲಿ ಉಜ್ಜಿ ನೋಡಿ, ಎಂಥ ಗಟ್ಟಿ ನೇಯ್ಗೆ ಎಂದು ಹೊಗಳಿದೆ. ಅವನ ಮಾತಿಗೆ ಮಾತ್ರ ಏನೂ ಹೇಳಲಿಲ್ಲ.

ಅಜ್ಜ ಬುತ್ತಿ ಬಿಚ್ಚಲು ಒಡ್ಡಿನ ಆಚೆ ಜಾಲಿ ಗಿಡದ ನೆರಳಿಗೆ ಹೋದ. ನಾನು ಕುರಿಗಳ ನಡುವೆ ಬಗ್ಗಿ ಬಗ್ಗಿ ನೀರಿನ ಅಂಚಿಗೆ ಬಂದು ಕೂತೆ. ಇಪ್ಪತ್ತು ಹೆಜ್ಜೆ — ಅಷ್ಟೇ ದೂರ. ರಾಜಹಂಸಗಳು ತಲೆ ಕೆಳಗೆ ಮಾಡಿ ಕೊಕ್ಕಿನಲ್ಲಿ ನೀರು ಸೋಸುವ ಸದ್ದೂ ಕೇಳುತ್ತಿತ್ತು. ಒಂದು ಹಕ್ಕಿ ನನ್ನ ಕಡೆ ನೋಡಿತು. ನೋಡಿ, ಮತ್ತೆ ಮೇಯತೊಡಗಿತು. ಅಷ್ಟು ನಂಬಿಕೆಯಿಂದ ನನ್ನನ್ನು ಮನುಷ್ಯರು ಕೂಡ ನೋಡಿರಲಿಲ್ಲ. ಅಲ್ಲಿಗೇ ನಿಲ್ಲಿಸಬಹುದಿತ್ತು — ಆದರೆ ನಿಂತ ರಾಜಹಂಸ ಹೆಚ್ಚು ಕಡಿಮೆ ಬಿಳಿಯೇ. ಅದರ ಕೆಂಪೆಲ್ಲ ಮಡಿಸಿದ ರೆಕ್ಕೆಯ ಒಳಗೆ. ನನಗೆ ಆ ಕೆಂಪು ಬೇಕಿತ್ತು. ಎದ್ದು ನಿಂತೆ. ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದು, ಒದ್ದೆ ಬಟ್ಟೆ ಕೊಡವಿದ ಹಾಗೆ, ತಲೆಯ ಮೇಲೆ ಜೋರಾಗಿ ಬೀಸಿದೆ.

ಎಲ್ಲವೂ ಒಟ್ಟಿಗೆ ಎದ್ದವು. ನೀರಿನ ಮೇಲೆಲ್ಲ ಆ ಕೆಂಪು. ಎಷ್ಟು ಚೆಂದವಿತ್ತೆಂದರೆ — ಇದನ್ನೂ ಒಪ್ಪಿಕೊಳ್ಳಬೇಕು — ಆ ಹೊತ್ತಿನಲ್ಲಿ ನನಗೆ ಒಂದಿಷ್ಟೂ ತಪ್ಪೆನಿಸಲಿಲ್ಲ. ಕತ್ತಿನಲ್ಲಿ ತೂಗುತ್ತಿದ್ದ ಕ್ಯಾಮೆರಾ ಹಿಡಿದು ಒಂದೇ ಸಮನೆ ಒತ್ತುತ್ತಿದ್ದೆ. ಅಜ್ಜ ಕೈಯಲ್ಲಿ ಅರ್ಧ ರೊಟ್ಟಿ ಹಿಡಿದುಕೊಂಡೇ ಒಡ್ಡು ಹತ್ತಿ ಓಡಿಬಂದ. ಯಾಕೆ ಎದ್ದವು ಎಂದು ಕೇಳಿದ.

“ಹದ್ದ ಬಂದಿತ್ತರಿ, ಅಜ್ಜಾ,” ಎಂದೆ.

ಅವನು ಆಕಾಶ ನೋಡಿದ. ಹದ್ದು ಕಾಣದಿದ್ದರೂ ನಂಬಿದ. ಕಂಬಳಿ ಆಗ ಮತ್ತೆ ನನ್ನ ಹೆಗಲ ಮೇಲಿತ್ತು.

ಒಮ್ಮೆ ಮಾತ್ರ ಆಗಿದ್ದರೆ ಅವು ಮರೆಯುತ್ತಿದ್ದವೇನೋ. ಆ ಚಳಿಗಾಲ ಮುಗಿಯುವುದರೊಳಗೆ ಅದೇ ಕಂಬಳಿ ಕೇಳಿ ಹೊದ್ದು ಏಳೆಂಟು ಸಲ ಬೀಸಿದೆ. ಬೆಳಕು ಸರಿ ಬರಲಿಲ್ಲ, ಮಂಜು ಅಡ್ಡ ಬಂತು — ಪ್ರತಿ ಸಲವೂ ನನಗೊಂದು ನೆಪ, ಅಜ್ಜನಿಗೊಂದು ಹದ್ದು. ಬರಬರುತ್ತ ಅವನು ಹದ್ದುಗಳನ್ನು ಬೈಯತೊಡಗಿದ. ಜಮಖಂಡಿಯ ಒಂದು ಪ್ರದರ್ಶನದಲ್ಲಿ ಹಾಗೆ ತೆಗೆದ ಒಂದು ಫೋಟೊಗೆ ಬಹುಮಾನ ಬಂತು. ಇನ್ನೊಂದು ಪ್ರತಿಗೆ ಕಟ್ಟು ಹಾಕಿಸಿ ಅಜ್ಜನಿಗೆ ಕೊಟ್ಟೆ. ಅವನು ಅದನ್ನು ಮನೆಯಲ್ಲಿ ದೇವರ ಪಟದ ಪಕ್ಕಕ್ಕೆ ತೂಗುಹಾಕಿದ.

ಮರು ವರ್ಷ ಹಕ್ಕಿಗಳು ಬಂದವು. ಅಜ್ಜ ಅದೇ ಕರಿ ಕಂಬಳಿ ಹೊದ್ದು ಕುರಿ ಹೊಡೆದುಕೊಂಡು ಒಡ್ಡಿನ ಮೇಲೆ ಕಾಣಿಸಿದ್ದೇ ತಡ, ಅಷ್ಟು ದೂರದಿಂದಲೇ ಎದ್ದು ಹೋದವು. ಮರುವಾರವೂ ಹಾಗೇ, ಅದರ ಮರುವಾರವೂ. ನಾನು ಒಬ್ಬನೇ ಹೋದರೆ ಮೊದಲಿನಂತೆ ಸ್ವಲ್ಪ ಸರಿಯುತ್ತಿದ್ದವು, ಅಷ್ಟೇ. ನನ್ನ ಪ್ಯಾಂಟು ಶರ್ಟಿನ ಮೇಲೆ ಅವಕ್ಕೆ ಯಾವ ದೂರೂ ಇರಲಿಲ್ಲ.

ಅಜ್ಜ ಕಂಗಾಲಾದ. ಬೀರಪ್ಪನ ಗುಡಿಗೆ ಹೋಗಿ ಹಣೆಗೆ ಅರಿಶಿನದ ಭಂಡಾರ ಹಚ್ಚಿಕೊಂಡು, ತನ್ನಿಂದ ಏನು ತಪ್ಪು ನಡೆಯಿತೋ ಮನ್ನಿಸು ಎಂದು ಬೇಡಿಕೊಂಡು ಬಂದ. ಆಮೇಲೊಂದು ದಿನ ನನ್ನ ಪಕ್ಕ ಕೂತು ಕೇಳಿದ: “ನೀ ಸಾಲಿ ಕಲತಾಂವ. ನನ್ನ ಕಡೆಯಿಂದ ಏನ ತಪ್ಪ ಆಗೇತಿ, ಖರೆ ಹೇಳು.”

ಆಗ ಹೇಳಬಹುದಿತ್ತು. ಅವನ ಮುಖ ನನ್ನ ಮುಖದಿಂದ ಒಂದು ಮೊಳದಲ್ಲಿತ್ತು. ನಾನು ಹವಾಮಾನ ಬದಲಾಗಿದೆ, ಎಲ್ಲ ಕಡೆಯೂ ಹಕ್ಕಿಗಳ ಸ್ವಭಾವ ಬದಲಾಗುತ್ತಿದೆ ಎಂದು ದೊಡ್ಡ ಮಾತು ಹೇಳಿದೆ. ಅವನು ತಲೆಯಾಡಿಸಿದ. ನಂಬಲಿಲ್ಲ ಎಂದು ತೋರುತ್ತದೆ. ತಪ್ಪು ತನ್ನದೇ ಎಂಬುದನ್ನು ಮಾತ್ರ ಗಟ್ಟಿಯಾಗಿ ನಂಬಿಕೊಂಡಿದ್ದ. ಅಷ್ಟು ದೂರದಿಂದ ಬಂದವು, ಉಣ್ಣುವಾಗ ತಾನು ಯಾಕೆ ಎಬ್ಬಿಸಬೇಕು ಎಂದು ದಂಡೆಗೆ ಇಳಿಯುವುದನ್ನೇ ಬಿಟ್ಟ. ಚಳಿಗಾಲ ಪೂರ್ತಿ ಗುಡ್ಡದ ಒಣಹುಲ್ಲಿನಲ್ಲೇ ಕುರಿ ಮೇಯಿಸಿದ, ನೀರಿಗಾಗಿ ಅವರಿವರ ಹೊಲದ ಬೋರಿನ ಹತ್ತಿರ ಕಾಯ್ದು ನಿಂತ. ಹೀಗೆ ಒಂದಲ್ಲ, ಮೂರು ವರ್ಷ. ನಾನು ಅವನ ಪಕ್ಕದಿಂದಲೇ ಹಾದು ದಂಡೆಗಿಳಿದು, ಹಕ್ಕಿಗಳನ್ನು ನೋಡಿ, ಸುಖವಾಗಿ ಮನೆಗೆ ಬರುತ್ತಿದ್ದೆ.

ಈ ಚಳಿಗಾಲ ಒಂದು ಬೆಳಗ್ಗೆ ಕ್ಯಾಮೆರಾ ಇಲ್ಲದೆ ಗುಡ್ಡ ಹತ್ತಿದೆ. ಅವನು ಕಂಬಳಿ ಹಾಸಿಕೊಂಡು ಬಂಡೆಯ ಮೇಲೆ ಕೂತಿದ್ದ. ಪಕ್ಕಕ್ಕೆ ಸರಿದು ನನಗೂ ಜಾಗ ಮಾಡಿಕೊಟ್ಟ. ನಾನು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಹೇಳುವಾಗ ‘ಆದರೆ’ ಎಂಬ ಮಾತು ಮತ್ತೆ ಮತ್ತೆ ನಾಲಗೆಗೆ ಬಂತು, ನುಂಗಿಕೊಂಡೆ.

ಅಜ್ಜ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಹಾಗಾದರೆ ಬೀರಪ್ಪ ತನ್ನ ಮೇಲೆ ಸಿಟ್ಟಾಗಿಲ್ಲ ಎಂದು ತನ್ನಷ್ಟಕ್ಕೇ ಅಂದುಕೊಂಡ. ಅವನ ಮುಖ ಸಡಿಲಾದದ್ದನ್ನು ನೋಡಿ ನನಗೆ ಅಳು ಬಂತು. ಮೂರು ವರ್ಷ ಈ ಮುದುಕ ಮಾಡದ ತಪ್ಪನ್ನು ಹುಡುಕುತ್ತ ಕೂತಿದ್ದ.

ನಿನ್ನದೇನೂ ತಪ್ಪಿಲ್ಲವಲ್ಲ, ಇನ್ನಾದರೂ ಕುರಿಗಳನ್ನು ದಂಡೆಗೆ ಹೊಡೆದುಕೊಂಡು ಬಾ ಎಂದು ಅವನ ಕೈ ಹಿಡಿದುಕೊಂಡೆ. ಅವನು ಕೈ ಬಿಡಿಸಿಕೊಳ್ಳಲಿಲ್ಲ. ಕೆಳಗೆ ಮಂಜು ಕರಗಿ ನೀರು ಕಾಣತೊಡಗಿತ್ತು, ನೀರಿನ ಅಂಚಿನಲ್ಲಿ ಸಾಲಾಗಿ ರಾಜಹಂಸಗಳು. ಅವುಗಳನ್ನೇ ನೋಡುತ್ತ ಅಜ್ಜ ಹೇಳಿದ:

“ನನಗ ಹೇಳಿದಿ, ತಮ್ಮಾ. ಅವಕ್ಕ ಯಾರ ಹೇಳ್ತಾರ?”